ತೋರಣ ಬಿಚ್ಚಿದ ನೂಲು

ಮುದ್ದೇಬಿಹಾಳ
18 ಜೂನ್ 2023

ಪೂಜ್ಯ ರಂಗೂಬಾಯಿ ಅವರಿಗೆ ವರದಾ ಮಾಡುವ ನಮಸ್ಕಾರಗಳು.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅಳಿಯ ಧೀರೇಂದ್ರ ಅವರನ್ನು ಹೋದ ವರ್ಷ ಮದುವೆಯಾದವಳು. ತೀರಿಕೊಂಡ ನಿಮ್ಮ ಮಗಳು ಮುಕ್ತಾ ಅವರ ಅಡಿಗೆಮನೆಯಲ್ಲಿ ಈಗ ಒಲೆ ಹಚ್ಚುತ್ತಿರುವವಳು. ನೀವು ಮದುವೆಗೆ ಬರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ಬರುತ್ತಿರಲಿಲ್ಲ.

ಬರೆಯಲು ಕಾರಣ ನಿಮ್ಮ ಮೊಮ್ಮಗ ಪಾರ್ಥ. ಈ ವರ್ಷ ಎರಡನೇ ಇಯತ್ತೆಗೆ ಹೋದ. ಶಾಲೆಯಲ್ಲಿ ಚೆನ್ನಾಗಿ ಮಾತಾಡುತ್ತಾನಂತೆ. ಮನೆಯಲ್ಲಿ ನನ್ನ ಜೊತೆ "ನೀರ ಕೊಡ್ರಿ", "ಸಾಕ್ರಿ", ಇಷ್ಟೇ. ಬೀಗರ ಮನೆಗೆ ಬಂದವನ ಹಾಗೆ. ಏಳು ವರ್ಷದ ಮಗುವಿನ ಬಾಯಲ್ಲಿ ಆ "ರಿ" ಕೇಳಿದರೆ ನನಗೆ ತುತ್ತು ಇಳಿಯುವುದಿಲ್ಲ.

ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದ ದಿನವೆಲ್ಲ ಊಟ ಬಿಟ್ಟು ಅಳುತ್ತಾನೆಂದು ಅವನ ಅಪ್ಪ ಫೋನು ನಿಲ್ಲಿಸಿದ್ದು ನಿಮಗೆ ಗೊತ್ತೇ ಇದೆ. ಅದು ಸರಿಯೋ ತಪ್ಪೋ ನಾನು ಹೇಳಲಾರೆ. ಪತ್ರ ಬರೆಯಬೇಡವೆಂದು ಮಾತ್ರ ಯಾರೂ ಹೇಳಿಲ್ಲ.

ಮೊನ್ನೆ ಬಾಗಿಲ ಹಿಂದೆ ಕೂತು ಕೈಯಲ್ಲಿ ಒಂದು ಕೆಂಪು ಉಲನ್ ಗೊಂಡೆ ಹಿಡಿದುಕೊಂಡಿದ್ದ. ಅರ್ಧ ಎಳೆ ಉದುರಿಹೋಗಿತ್ತು. ಯಾರದಪ್ಪಾ ಎಂದೆ. "ಅಜ್ಜಿ ಮಾಡಿದ್ದು. ನಿಮಗ ಬರೂದಿಲ್ಲ" ಎಂದ. ನಿಜ, ನನಗೆ ಬರುವುದಿಲ್ಲ. ಸಿಂದಗಿಯಲ್ಲಿ ನನ್ನನ್ನು ಬೆಳೆಸಿದ ಸೋದರತ್ತೆ ಅಡಿಗೆ ಕಲಿಸಿದಳು, ಸೈಕಲ್ ಕಲಿಸಿದಳು, ಸೂಜಿ ಮಾತ್ರ ಹಿಡಿಸಲಿಲ್ಲ. ಗೊಂಡೆ ಮಾಡುವುದು ಹೇಗೆಂದು ಬರೆದು ಕಳಿಸುವಿರಾ?

ವರದಾ


ಇಂಡಿ
27 ಜೂನ್ 2023

ಸೌ. ವರದಾ ಅವರಿಗೆ,

ಪತ್ರ ಮುಟ್ಟಿತು. ಒಡೆಯದೆ ದೇವರ ಗೂಡಿನಲ್ಲಿ ಇಟ್ಟಿದ್ದೆ. ಮಗ ಪ್ರಹ್ಲಾದ ಎರಡು ಸಲ "ಓದಿದೇನ ಆಯಿ?" ಎಂದು ಕೇಳಿದ ಮೇಲೆ ಒಡೆದೆ. ನಿಮ್ಮ ಮನೆಯ ಸುದ್ದಿ ನನಗೆ ಬೇಡ. ಗೊಂಡೆ ಕೇಳಿದ್ದೀರಿ, ಗೊಂಡೆ ಹೇಳುತ್ತೇನೆ. ನಮ್ಮ ಓಣಿಯ ಮಕ್ಕಳಿಗೂ ಮಧ್ಯಾಹ್ನ ಇದನ್ನೇ ಹೇಳಿಕೊಡುವವಳು ನಾನು.

ಗಟ್ಟಿ ಕಾಗದ ಬೇಕು. ಮದುವೆ ಪತ್ರಿಕೆ ಉತ್ತಮ. ನಿಮ್ಮದು ನನಗೂ ಒಂದು ಬಂದಿತ್ತು, ಓಣಿಯ ಮಕ್ಕಳು ಅದರಲ್ಲಿ ಒಳ್ಳೊಳ್ಳೆ ಗೊಂಡೆ ಮಾಡಿದರು. ಬಟ್ಟಲು ಬೋರಲಿಟ್ಟು ಎರಡು ಚಕ್ರ ಬರೆದು ಕತ್ತರಿಸಿ. ಎರಡರ ನಡುವೆಯೂ ಹೆಬ್ಬೆರಳು ಹೋಗುವಷ್ಟು ತೂತು. ಚಕ್ರ ಎರಡನ್ನೂ ಜೋಡಿಸಿ ಹಿಡಿದು ಉಲನ್ನನ್ನು ತೂತಿನ ಒಳಗಿಂದ ಹೊರಗೆ ಸುತ್ತುತ್ತಾ ಹೋಗಬೇಕು, ತೂತು ಮುಚ್ಚುವ ತನಕ. ನಡುವೆ ಅವನಿಗೆ ಸಾಕಾಗುತ್ತದೆ. ಆಗ ನೀವು ಸುತ್ತಿ ಮುಗಿಸಬೇಡಿ. ಹಾಗೇ ಎತ್ತಿಟ್ಟು ಮರುದಿನ ಅವನ ಕೈಗೇ ಕೊಡಿ. ತೂತು ತುಂಬಿದ ಮೇಲೆ ಚಕ್ರಗಳ ಸಂದಿಯಲ್ಲಿ ಕತ್ತರಿ ತೂರಿಸಿ ಸುತ್ತಲೂ ಕತ್ತರಿಸಿ, ಅದೇ ಸಂದಿಯಲ್ಲಿ ಗಾದಿ ಹೊಲಿಯುವ ದಾರ ಹಾಕಿ ಬಿಗಿಯಾಗಿ ಕಟ್ಟಿ. ಸಡಿಲ ಕಟ್ಟಿದರೆ ಎಲ್ಲ ಉದುರುತ್ತದೆ.

ಆದ ಕೂಡಲೇ ಚೆಂದ ಆಗಿದೆ ಎಂದು ಹೊಗಳಬೇಡಿ. ಅವನಿಗೆ ಸುಳ್ಳು ತಿಳಿಯುತ್ತದೆ. ಅವನ ತಾಯಿಗೂ ತಿಳಿಯುತ್ತಿತ್ತು.

ರಂಗೂಬಾಯಿ


ಮುದ್ದೇಬಿಹಾಳ
23 ಜುಲೈ 2023

ಪೂಜ್ಯ ರಂಗೂಬಾಯಿ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಪಾರ್ಥನಿಗೆ ಓದಿ ಹೇಳಿದೆ, ಮದುವೆ ಪತ್ರಿಕೆಯ ಮಾತು ಬಿಟ್ಟು.

ನನ್ನದೊಂದು ಹಳೆಯ ಟೊಪ್ಪಿಗೆ ಬಿಚ್ಚಿ ಮೊದಲ ಗೊಂಡೆ ಮಾಡಿದೆವು. ದಾರ ಕಟ್ಟಿದ್ದು ನಾನು. ಸಡಿಲವಾಯಿತು. ಒಂದು ಕಡೆ ಬೋಳಾಗಿ ನಿಂತ ಅದನ್ನು ನೋಡಿ ಅವನ ಅಪ್ಪ "ಇಲಿ ಎಲ್ಲಿ ಸಿಕ್ತು?" ಎಂದು ಕೇಳಿದರು. ಪಾರ್ಥ ನಕ್ಕ. ನಾನು ಈ ಮನೆಗೆ ಬಂದ ಮೇಲೆ ಅವನು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು. ಎರಡನೆಯದು ಗೊಂಡೆಯಂತೆಯೇ ಆಯಿತು, ಶಾಲೆಯ ಚೀಲಕ್ಕೆ ಕಟ್ಟಿಕೊಂಡಿದ್ದಾನೆ. ನಾನು ಹೊಗಳಲಿಲ್ಲ.

ಉಲನ್ ಅಷ್ಟಕ್ಕೇ ಮುಗಿಯಿತು. ಪೇಟೆಯಲ್ಲಿ ಬಳೆ ಅಂಗಡಿಯ ಸುಲ್ತಾನಬಿ ಚಳಿಗಾಲದಲ್ಲಿ ಉಲನ್ನೂ ಮಾರುತ್ತಾಳೆಂದು ಅವನನ್ನು ಕರೆದುಕೊಂಡು ಹೋದೆ. "ಮಳಿಗಾಲದಾಗ ಉಲನ್ ಯಾರ ಒಯ್ತಾರವ್ವಾ? ಥಂಡಿ ಬಿದ್ದಮ್ಯಾಲೆ ಬಾ, ತರಸೂದೈತಿ" ಎಂದಳು. ಪಾರ್ಥ ಸರಕ್ಕನೆ ತಿರುಗಿ ಹೊರಟ. ದಾರಿಯುದ್ದಕ್ಕೂ ನನ್ನ ಮುಂದೆ ಮುಂದೆ ನಡೆದ. ಈಗಷ್ಟೇ ಬಾಯಿ ಬಿಡುತ್ತಿದ್ದ, ಮತ್ತೆ ಮುಚ್ಚಿಕೊಂಡರೆ ಏನು ಮಾಡಲಿ ಎಂದು ನನಗೆ ಭಯವಾಗಿದೆ.

ವರದಾ


ಇಂಡಿ
4 ಆಗಸ್ಟ್ 2023

ಸೌ. ವರದಾ ಅವರಿಗೆ,

ಆ ಮಾತು ಬಿಟ್ಟು ಓದಿದ್ದು ಒಳ್ಳೆಯದಾಯಿತು. ನನ್ನ ನಾಲಿಗೆಯೇ ಹಾಗೆ. ಮನೆಯಲ್ಲಿರುವ ಸೊಸೆಯನ್ನು ಕೇಳಿದರೆ ಇನ್ನೂ ಹೇಳಿಯಾಳು.

ಇನ್ನು ಗೊಂಡೆ ಸಾಕು. ಗೊಂಡೆಗೆ ಕತ್ತರಿ ಬೇಕು, ಕತ್ತರಿಸಿದ ನೂಲು ಮತ್ತೆ ಯಾವುದಕ್ಕೂ ಬರುವುದಿಲ್ಲ. ಬೆರಳ ಸರಪಳಿ ಕಲಿಸಿ. ಸೂಜಿ ಬೇಡ, ಕತ್ತರಿ ಬೇಡ. ನೂಲಿನ ತುದಿಯಲ್ಲಿ ಒಂದು ಜಾರುಗುಣಿಕೆ ಹಾಕಿ. ಅದರೊಳಗೆ ಎರಡು ಬೆರಳು ತೂರಿಸಿ ನೂಲನ್ನು ಹಿಡಿದು ಹೊರಗೆ ಎಳೆದರೆ ಇನ್ನೊಂದು ಕುಣಿಕೆ. ಅದರೊಳಗಿಂದ ಮತ್ತೊಂದು. ನೂಲು ಇರುವ ತನಕ ಹೀಗೇ. ಬೇಡವಾದರೆ ತುದಿ ಹಿಡಿದು ಎಳೆಯಿರಿ, ಎಲ್ಲ ಬಿಚ್ಚಿ ಮೊದಲಿನ ನೂಲಾಗಿ ಕೈಗೆ ಬರುತ್ತದೆ.

ಅಂಗಡಿಯ ದಾರಿ ಕಾಯಬೇಡಿ. ಟ್ರಂಕಿನಲ್ಲಿ, ಅಟ್ಟದ ಮೇಲೆ, ಉಲನ್ನಿನದು ಹಳೆಯದೇನಾದರೂ ಎಲ್ಲರ ಮನೆಯಲ್ಲೂ ಇರುತ್ತದೆ. ಕುಲಾವಿಯೋ ಮಫ್ಲರೋ, ಏನಿದ್ದರೂ ಬಿಚ್ಚಿ. ಇಟ್ಟು ಹುಳಕ್ಕೆ ತಿನಿಸುವುದಕ್ಕಿಂತ ಮಗುವಿನ ಕೈಗೆ ಬರುವುದು ಮೇಲು. ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಕೆಳಗೊಂದು ತಂಬಿಗೆ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ.

ಮುಕ್ತಾ ಸರಪಳಿ ಕಲಿತಾಗ ಪಾರ್ಥನಷ್ಟೇ ಇದ್ದಳು. ಬಾಗಿಲ ಚಿಲಕಕ್ಕೆ ಒಂದು ತುದಿ ಕಟ್ಟಿ, ಹಾಕುತ್ತಾ ಹಾಕುತ್ತಾ ಅಂಗಳದ ತುಳಸಿಕಟ್ಟೆಯ ತನಕ ತಂದಿದ್ದಳು. ಹಾಲಿನವನು ಕಾಲಿಗೆ ತೊಡರಿ ಬಿದ್ದ. ಆಮೇಲಾಮೇಲೆ ಅವಳ ಕುಣಿಕೆ ಯಾವುದು, ನನ್ನದು ಯಾವುದು ಎಂದು ನಮಗೇ ಗುರುತು ಸಿಗುತ್ತಿರಲಿಲ್ಲ, ಅಷ್ಟು ಸಮ. ಅವಳು ಹೋದ ಮೇಲೆ ಅವಳ ಹೆಸರನ್ನು ಕಾಗದದ ಮೇಲೆ ಬರೆದದ್ದು ಇವತ್ತೇ. ಎರಡು ಸಲ ಅಳಿಸಿ ಬರೆದಿದ್ದೇನೆ, ಅಕ್ಷರ ತಿಳಿಯದಿದ್ದರೆ ಕ್ಷಮಿಸಿ.

ರಂಗೂಬಾಯಿ


ಮುದ್ದೇಬಿಹಾಳ
10 ಸೆಪ್ಟೆಂಬರ್ 2023

ಪೂಜ್ಯ ರಂಗೂಬಾಯಿ ಅವರಿಗೆ ನಮಸ್ಕಾರಗಳು.

ಇವತ್ತು ನಿಮಗೆ ಒಳ್ಳೆಯ ಸುದ್ದಿ ಬರೆಯಬೇಕು.

ನಿಮ್ಮ ಪತ್ರ ಓದಿ ಹೇಳಿದ ಮೇಲೆ ಅದಿದೆಯೇ ಇದಿದೆಯೇ ಎಂದು ನಾನು ಟ್ರಂಕು ಹುಡುಕುತ್ತಿದ್ದೆ. ಪಾರ್ಥ ಒಬ್ಬನೇ ಸ್ಟೂಲು ಹತ್ತಿ ಅಟ್ಟದಿಂದ ಒಂದು ಗಂಟು ಇಳಿಸಿಕೊಂಡು ಬಂದ. ಯಾವ ಕಾಲದ್ದೋ ಒಂದು ಬಾಗಿಲ ತೋರಣ, ಹಸಿರು ಉಲನ್ನಿನದು, ಕೆಳಗೆ ಸಾಲಾಗಿ ಗಿಣಿಗಳು. ಧೂಳು ಮೆತ್ತಿತ್ತು, ಒಂದು ಮೂಲೆ ಇಲಿ ಕಡಿದಿತ್ತು. ಮಾಡಿದವರು ಯಾರೋ ಒಂದು ಗಿಣಿಯನ್ನು ಉಲ್ಟಾ ಕೂರಿಸಿಬಿಟ್ಟಿದ್ದರು. ಎಲ್ಲವೂ ಒಂದು ಕಡೆ ಮುಖ ಮಾಡಿದರೆ ಅದೊಂದು ಇನ್ನೊಂದು ಕಡೆ. "ಇದನ್ನ ಬಿಚ್ಚೋಣೇನು?" ಎಂದು ಕೇಳಿದ.

ಸಂಜೆಯೆಲ್ಲ ಕೂತು ಬಿಚ್ಚಿದೆವು. ನಾನು ಎಳೆದೆ, ಅವನು ಉಂಡೆ ಸುತ್ತಿದ. ಪಟ್ಟಿಯದು ಉದ್ದ ನೂಲು ಬಂತು, ಗಿಣಿಗಳದು ತುಂಡು ತುಂಡು. ಗಂಟು ಹಾಕಿ ಅವನೇ ಸೇರಿಸಿದ. ಉಲ್ಟಾ ಗಿಣಿಯನ್ನು ಕೊನೆಗೆ ಇಟ್ಟುಕೊಂಡಿದ್ದ. ಅದನ್ನು ಬಿಚ್ಚುವಾಗ "ಇಂಡಿ ಯಾವ ಕಡೆ ಅದ?" ಎಂದು ಕೇಳಿದ. ಬಾಗೇವಾಡಿಗೆ ಹೋಗುವ ರಸ್ತೆಯ ಕಡೆ ಕೈ ತೋರಿಸಿದೆ. ಬಿಸಿನೀರಿಗೆ ಅದ್ದೋಣವೆಂದರೆ "ಬ್ಯಾಡ, ತೊಳೀಬ್ಯಾಡ" ಎಂದ. ನಡುವೆ ಉಂಡೆ ಜಾರಿದಾಗ "ಹಿಡಿ, ಹಿಡಿ ಅದನ್ನ" ಎಂದು ನನಗೆ ಕೂಗಿ ಹೇಳಿದ. ಕೇಳಿದಿರಾ? "ಹಿಡೀರಿ" ಅನ್ನಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತು ಬಂದೆ.

ಇದೆಲ್ಲ ನಿಮ್ಮಿಂದ. ನಿಮ್ಮ ಋಣ ನಾನು ಹೇಗೆ ತೀರಿಸಲಿ ಎಂದು ತಿಳಿಯದು.

ವರದಾ


ಮುದ್ದೇಬಿಹಾಳ
20 ನವೆಂಬರ್ 2023

ಪೂಜ್ಯ ರಂಗೂಬಾಯಿ ಅವರಿಗೆ ನಮಸ್ಕಾರಗಳು.

ದಸರೆ ಹೋಯಿತು, ದೀಪಾವಳಿಯೂ ಹೋಯಿತು. ನಿಮ್ಮಿಂದ ಪತ್ರವಿಲ್ಲ. ಮೈಗೆ ಹುಷಾರಿಲ್ಲವೇ? ಅಂಚೆಯವನು ಓಣಿಗೆ ಬಂದರೆ ಪಾರ್ಥ ಗೇಟಿನ ತನಕ ಓಡಿ ಸುಮ್ಮನೆ ಹಿಂದಿರುಗುತ್ತಾನೆ. "ಅಜ್ಜಿ ಯಾಕ ಬರೀವಲ್ಲಳು?" ಎಂದು ನನ್ನನ್ನೇ ಕೇಳುತ್ತಾನೆ.

ನಾನು ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ಬೈದು ಬರೆಯಿರಿ. ಬೈಸಿಕೊಳ್ಳುತ್ತೇನೆ.

ವರದಾ


ಇಂಡಿ
2 ಡಿಸೆಂಬರ್ 2023

ಸೌ. ವರದಾ ಅವರಿಗೆ,

ಮೈಗೆ ಹುಷಾರಿದೆ. ಬರೆಯಲು ಮನಸ್ಸಾಗಲಿಲ್ಲ.

ನೀವು ಬಿಚ್ಚಿದ್ದು ಯಾವ ಕಾಲದ್ದೋ ತೋರಣವಲ್ಲ. ಅದು ನನ್ನ ಮುಕ್ತಾಳ ರುಖವತದ್ದು. ಮದುವೆಯ ದಿನ ಹುಡುಗಿಯ ಕೈಕೆಲಸವನ್ನೆಲ್ಲ ಹರಡಿ ಬೀಗರಿಗೆ ತೋರಿಸುವ ಪದ್ಧತಿ ನಿಮಗೂ ಗೊತ್ತು. ಮದುವೆ ಗೊತ್ತಾದ ಮೇಲೆ ಇಡೀ ಬೇಸಿಗೆ ನನ್ನ ಪಕ್ಕದಲ್ಲಿ ಕೂತು ಮಾಡಿದಳು. ಆ ಗಿಣಿ ತಪ್ಪಿ ಉಲ್ಟಾ ಆದದ್ದಲ್ಲ. ಬಿಚ್ಚಿ ತಿರುಗಿಸು ಎಂದು ನಾನು ಬೈದೆ. ಅವಳು ನಕ್ಕು, "ಎಲ್ಲಾ ಗಿಣಿ ಗಂಡನ ಮನಿ ಒಳಗ ನೋಡ್ತಾವ. ಇದೊಂದು ತವರಮನಿ ಕಡೆ ನೋಡ್ಲಿ ಬಿಡ ಆಯಿ" ಎಂದಳು.

ಅವಳು ಹೋದ ದಿನ ಸೂತಕವೆಂದು ಅದನ್ನು ಬಾಗಿಲಿಂದ ಇಳಿಸಿದ್ದನ್ನು ನಾನೇ ಕಂಡಿದ್ದೆ. ಸೂತಕ ಕಳೆದ ಮೇಲೆ ಮತ್ತೆ ಕಟ್ಟಿರುತ್ತಾರೆ ಎಂದುಕೊಂಡಿದ್ದೆ. ನಿಮ್ಮ ಬಾಗಿಲಿಗೆ ನಾನು ಬರದಿದ್ದರೇನು, ನನ್ನ ಮಗಳ ಗಿಣಿ ಅಲ್ಲಿ ಕೂತು ನನ್ನ ಕಡೆ ನೋಡುತ್ತಿದೆ ಎಂಬ ಒಂದು ಸಮಾಧಾನ ಇತ್ತು. ಅಟ್ಟದ ಮೇಲೆ ಇಲಿಯ ಬಾಯಲ್ಲಿತ್ತು ಎಂದು ನಿಮ್ಮ ಪತ್ರದಿಂದ ತಿಳಿಯಿತು.

ನಿಮಗೆ ಗೊತ್ತಿರಲಿಲ್ಲ. ಅಟ್ಟದ ಮೇಲಿನದನ್ನು ಬಿಚ್ಚಿ ಎಂದು ಬರೆದ ಕೈಯೂ ನನ್ನದೇ. ಎಲ್ಲ ಗೊತ್ತು. ಗೊತ್ತಿದ್ದೂ ನನಗೆ ನಿಮ್ಮ ಮೇಲೆ ಸಿಟ್ಟು ಬರುತ್ತಿದೆ, ಅದನ್ನು ಮುಚ್ಚಿಡಲಾರೆ.

ಒಂದೇ ಕೇಳುತ್ತೇನೆ. ಆ ನೂಲಿಗೆ ಕತ್ತರಿ ಹಾಕಿ ಗೊಂಡೆ ಮಾಡಿದ್ದರೆ ಇನ್ನೇನೂ ಉಳಿದಿಲ್ಲ, ಹೇಳಿಬಿಡಿ. ಕತ್ತರಿಸಿಲ್ಲವಾದರೆ ಇದ್ದಷ್ಟನ್ನೂ ನನಗೆ ಕಳಿಸಿಕೊಡಿ. ಕಣ್ಣು ಮಂಜಾಗುವ ಮೊದಲು ಆ ತೋರಣ ನಾನು ಮತ್ತೆ ಮಾಡುತ್ತೇನೆ. ಆಮೇಲೆ ಪತ್ರ ಬೇಡ.

ರಂಗೂಬಾಯಿ


ಮುದ್ದೇಬಿಹಾಳ
17 ಡಿಸೆಂಬರ್ 2023

ಪೂಜ್ಯ ರಂಗೂಬಾಯಿ ಅವರಿಗೆ,

ಒಂದೆಳೆಯೂ ಕತ್ತರಿಸಿಲ್ಲ. ಅವನು ಕತ್ತರಿ ಹತ್ತಿರ ತರಲು ಬಿಟ್ಟಿಲ್ಲ. ಎಲ್ಲವನ್ನೂ ಸರಪಳಿ ಹಾಕಿದ್ದಾನೆ. ಇದರ ಜೊತೆಗಿನ ಡಬ್ಬಿಯಲ್ಲಿ ಇದೆ.

ನಿಮ್ಮ ಪತ್ರ ಬಂದ ದಿನ ಅವನ ಅಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ತಲೆಬಾಗಿಲ ಮೇಲಿನ ಎರಡು ಮೊಳೆಗಳನ್ನು ನೋಡುತ್ತ ನಿಂತರು. ಊಟಕ್ಕೆ ಕರೆದರೂ ಬರಲಿಲ್ಲ. ಆಮೇಲೆ ನಾನು ಪಾರ್ಥನನ್ನು ಕೂರಿಸಿಕೊಂಡು, ಅದು ಅಮ್ಮನದೆಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತಂತೆ. ಗಿಣಿಯ ಕಥೆಯೂ ಗೊತ್ತಿತ್ತಂತೆ, ಅಮ್ಮನೇ ಹೇಳಿದ್ದಳಂತೆ. ಮತ್ತೆ ಯಾಕೆ ತಂದೆ ಎಂದೆ.

"ಅಪ್ಪ ಅದನ್ನ ನೋಡಿದ್ರ ಅಳ್ತಾನ. ಅದಕ್ಕ ಮ್ಯಾಲೆ ಇಟ್ಟಾನ. ಬಿಚ್ಚಿದ್ರ ಅಪ್ಪಗ ಗುರ್ತ ಸಿಗೂದಿಲ್ಲ. ಆಗ ನಾ ನನ್ನ ಹತ್ರ ಇಟ್ಕೋಬಹುದು."

ಇಷ್ಟು ದಿನ ಆ ಸರಪಳಿಯನ್ನು ಕೈಗೆ ಸುತ್ತಿಕೊಂಡೇ ಮಲಗುತ್ತಿದ್ದ. ನಾನು ಆಟಿಕೆ ಎಂದುಕೊಂಡಿದ್ದೆ. ನನ್ನ ತಾಯಿಯ ಮುಖ ನನಗೆ ನೆನಪಿಲ್ಲ. ಅವಳದೊಂದು ಹರಕು ಸೀರೆಯೂ ನನ್ನ ಬಳಿ ಇಲ್ಲ. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಇದು ಯಾರದು ಎಂದು ಒಂದು ಮಾತು ಕೇಳಬೇಕಿತ್ತು.

ಅಜ್ಜಿ ಕೇಳಿದ್ದಾರೆ, ಮತ್ತೆ ಗಿಣಿ ಮಾಡುತ್ತಾರಂತೆ ಎಂದು ಹೇಳಿದೆ. ಸರಪಳಿಯನ್ನು ಕೈಯಿಂದ ಬಿಡಿಸಿ ತಾನೇ ಡಬ್ಬಿಯಲ್ಲಿಟ್ಟ. "ಹಂಗಾರ ಕಳಸ್ರಿ" ಎಂದ.

ಆ "ರಿ" ಮತ್ತೆ ಬಂದಿದೆ. ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನಡೆದದ್ದು ನಿಮಗೆ ಗೊತ್ತಿರಲಿ ಎಂದಷ್ಟೇ. ಇನ್ನು ನಿಮ್ಮ ಮಾತಿನಂತೆ ಬರೆಯುವುದಿಲ್ಲ.

ವರದಾ


ಇಂಡಿ
20 ಜನವರಿ 2024

ಚಿ. ಸೌ. ವರದಾಳಿಗೆ ಆಶೀರ್ವಾದಗಳು.

ಬೇಡವೆಂದವಳೇ ಬರೆಯುತ್ತಿದ್ದೇನೆ.

ಸಂಕ್ರಮಣ ಮುಗಿದ ಮೇಲೆ ಕ್ರೋಶಾ ಸೂಜಿ ತೆಗೆದು, ಕನ್ನಡಕ ಒರೆಸಿ, ಪಡಸಾಲೆಯ ಬಿಸಿಲಿಗೆ ಕೂತೆ. ಓಣಿಯ ಮಕ್ಕಳಿಗೆ ಇವತ್ತು ಬರಬೇಡಿ ಎಂದು ಹೇಳಿದ್ದೆ. ಡಬ್ಬಿ ತೆರೆದು ಸರಪಳಿಯ ತುದಿ ಹುಡುಕಿ ಎಳೆದೆ. ಸರಸರ ಬಿಚ್ಚಿಕೊಂಡಿತು. ಒಂದು ಮೊಳದಷ್ಟು ಬಂದಿರಬೇಕು, ಬೆರಳಿಗೆ ಏನೋ ಗಟ್ಟಿ ತಗುಲಿತು. ಕುಣಿಕೆಯೊಳಗೆ ಒಂದು ಒಣಗಿದ ಅನ್ನದ ಅಗುಳು ಸಿಕ್ಕಿಕೊಂಡಿತ್ತು. ಉಂಡ ಕೈ ತೊಳೆಯದೆ ಹಾಕಿದ್ದಾನೆ, ಕೊಳಕ.

ಅಲ್ಲಿಗೆ ನನ್ನ ಕೈ ನಿಂತಿತು. ಮುಂದಿನ ಕುಣಿಕೆಗಳನ್ನು ಒಂದೊಂದಾಗಿ ನೋಡಿದೆ. ಕೆಲವು ಬಿಗಿ, ಕೆಲವು ಎರಡು ಬೆರಳು ಹೋಗುವಷ್ಟು ಸಡಿಲ. ನಡುನಡುವೆ ಅವನು ಹಾಕಿದ ಗಂಟುಗಳು. ನೂಲು ಮುಕ್ತಾಳದು, ಅದರ ಗುಂಗುರು ಇನ್ನೂ ಹೋಗಿಲ್ಲ. ನಾನು ಗಿಣಿ ಮಾಡಿದರೆ ಅದು ಮುದುಕಿಯೊಬ್ಬಳು ಮಾಡಿದ ಗಿಣಿ ಆಗುತ್ತದೆ, ಅವಳದಾಗುವುದಿಲ್ಲ. ಅವಳು ಮಾಡಿದ್ದು ಹೋಯಿತು. ಅದಕ್ಕಾಗಿ ಇವನು ಮಾಡಿದ್ದನ್ನೂ ಕಳೆಯಲೇ? ನನ್ನ ಮಗಳದೊಂದೂ ನನಗೆ ಉಳಿಯಲಿಲ್ಲ ಎಂದು ಹೊಟ್ಟೆ ತುಂಬ ಅತ್ತೆ. ಸೊಸೆ ಬಂದು ಪಕ್ಕದಲ್ಲಿ ಕೂತಳು, ಅವಳೂ ಅತ್ತಳು.

ಬಿಚ್ಚಿದಷ್ಟನ್ನು ಮತ್ತೆ ಬೆರಳಿನಿಂದಲೇ ಹಾಕಿ ಸರಪಳಿಯನ್ನು ಅದೇ ಡಬ್ಬಿಯಲ್ಲಿ ಕಳಿಸಿದ್ದೇನೆ. ಅವನ ಕೈಗೆ ಕಟ್ಟು. ನಾನು ಎಳೆದ ಸಂಗತಿ ಹೇಳಬೇಡ. ಅಜ್ಜಿಗೆ ಕೈ ನೋಯುತ್ತದೆ, ಗಿಣಿ ಮಾಡಲಾಗಲಿಲ್ಲ ಎಂದು ಹೇಳು. ಅದೂ ಸುಳ್ಳಲ್ಲ.

ಶ್ರಾವಣದಲ್ಲಿ ಪಂಚಮಿಗೆ ಅವನನ್ನು ಕರೆದುಕೊಂಡು ಬಾ. ಧೀರೇಂದ್ರನಿಗೆ ನಾನು ಹೇಳಿದೆನೆಂದು ಹೇಳು, ಇಲ್ಲ ಅನ್ನಲಾರ. ಪಂಚಮಿಗೆ ತವರಿಗೆ ಬಂದ ಮಗಳಿಗೆ ಉಡಿ ತುಂಬುವುದು ಈ ಮನೆಯಲ್ಲಿ ನಿಂತುಹೋಗಿದೆ. ನಿನ್ನನ್ನು ಮುಕ್ತಾ ಎಂದುಕೊಳ್ಳುವುದು ನನ್ನಿಂದಾಗದು, ಹಾಗೆ ನಟಿಸಲೂ ಬಾರದು. ಆದರೂ ನೀನು ಬಾ, ನಿನಗೆ ಉಡಿ ತುಂಬುತ್ತೇನೆ.

ಆಯಿ


ಮುದ್ದೇಬಿಹಾಳ
4 ಫೆಬ್ರುವರಿ 2024

ಪೂಜ್ಯ ಆಯಿಯವರಿಗೆ ನಮಸ್ಕಾರಗಳು.

ಪಂಚಮಿಗೆ ಬರುತ್ತೇವೆ. ಈ ಸಲ ಪಾರ್ಥ ತಾನೇ ಬರೆಯುತ್ತೇನೆಂದು ಕೂತ. ಕೆಳಗಿರುವುದು ಅವನ ಪತ್ರ, ನಾನು ತಿದ್ದಿಲ್ಲ. ಕೊನೆಯಲ್ಲಿ ಅವನು ಕೇಳಿರುವುದನ್ನು ಮೊದಲು ನನ್ನನ್ನೇ ಕೇಳಿದ. ನೀವೇ ಹೇಳಬೇಕು.

ವರದಾ

ಅಜ್ಜಿ,

ಸರಪಳಿ ಬಂತು. ಕೈಗೆ ಕಟ್ಟಿಕೊಂಡೇನಿ. ನಿನ್ನ ಕೈ ನೋಯ್ತದ ಅಂತ ವರದಮ್ಮ ಹೇಳಿದಳು. ಗಿಣಿ ಮಾಡದಿದ್ರ ನಡೀತದ. ಎಣ್ಣಿ ಹಚ್ಚಿಕೋ.

ಪಂಚಮಿಗೆ ಬರ್ತೇವಿ. ಜೋಕಾಲಿ ಕಟ್ಟಲಿಕ್ಕೆ ಪ್ರಹ್ಲಾದ ಮಾಮಾಗ ಹೇಳು.

ಸರಪಳಿ ತುದೀಗೆ ಒಂದಿಷ್ಟು ಕುಣಿಕಿ ನನ್ನವಲ್ಲ. ಬಾಳ ಸಮ ಅವ. ನನಗ ಹಂಗ ಬರೂದಿಲ್ಲ, ವರದಮ್ಮಗೂ ಬರೂದಿಲ್ಲ. ಅಮ್ಮ ಹಾಕತಿದ್ಲಲ್ಲ, ಹಂಗ ಅವ.

ಅಮ್ಮ ನಿಮ್ಮ ಮನ್ಯಾಗ ಇದ್ದಾಳೇನು?

ಪಾರ್ಥ